ಒಂಬತ್ತನೇ ತಾರೀಖಿನ ಲಕೋಟೆ

ಟೀವಿಯ ಜಾದೂಗಾರ ಆ ಭಾನುವಾರ ಮಾಡಿದ್ದು ಇಷ್ಟು. ವಾರದ ಹಿಂದೆಯೇ ಅಂಚೆಯಲ್ಲಿ ಕಳಿಸಿದ್ದೆನೆಂದು ಹೇಳಿ ಒಂದು ಲಕೋಟೆಯನ್ನು ನಿರೂಪಕಿಯ ಕೈಯಿಂದ ಒಡೆಸಿದ. ಮೇಲೆ ಅಂಚೆಯ ಮೊಹರು, ಹಳೆಯ ತಾರೀಖು. ಒಳಗಿನ ಚೀಟಿಯಲ್ಲಿ ಅರ್ಧ ಗಂಟೆ ಹಿಂದೆ ಮುಗಿದಿದ್ದ ಫುಟ್‌ಬಾಲ್ ಪಂದ್ಯದ ಗೋಲುಗಳು, ಹೊಡೆದವರ ಹೆಸರು ಸಮೇತ. ಚಪ್ಪಾಳೆ ನಿಂತ ಮೇಲೆ ಅವನು ಕ್ಯಾಮೆರಾ ಕಡೆ ತಿರುಗಿ, "ಈ ತಿಂಗಳು ಹದಿನೇಳು, ಮೈಮೇಲೆ ಕತ್ತಿ ಆಡಿಸಿಕೊಳ್ಳೋರಿಗೆ ಒಳ್ಳೇ ದಿನ ಅಲ್ಲ" ಅಂದ.

ಹದಿನೇಳಕ್ಕೆ ಅಕ್ಕನ ಪಿತ್ತಕೋಶದ ಕಲ್ಲಿನ ಆಪರೇಷನ್ ಇತ್ತು. ಅವಳ ಹಟಕ್ಕೆ ಎರಡು ಸಲ ಮುಂದೆ ಹಾಕಿಯಾಗಿತ್ತು. ಇನ್ನೊಮ್ಮೆ ತಡವಾದರೆ ಕಲ್ಲು ಪಿತ್ತನಾಳಕ್ಕೆ ಇಳಿದು ಜೀವಕ್ಕೇ ಕಷ್ಟ ಎಂದು ಡಾಕ್ಟರು ಎಚ್ಚರಿಸಿದ್ದರು.

ಮಾರನೆಯ ದಿನ ನಾನು ಹೋದಾಗ ಅಕ್ಕ ಯಾರದೋ ಪ್ಯಾಂಟಿನ ಕಾಲು ಮಡಿಸಿ ಹೊಲಿಯುತ್ತಿದ್ದಳು. ಮಿಷನ್ ನಿಲ್ಲಿಸಲೂ ಇಲ್ಲ.

"ನಾನು ಹೋಗಲ್ಲ. ಅಷ್ಟು ಗೋಲು ಹೇಳಿದೋನಿಗೆ ಇದು ಗೊತ್ತಿರಲ್ವಾ?"

"ಅದು ಕೈಚಳಕ ಅಕ್ಕ."

"ಹೇಗೆ ಮಾಡಿದ, ಹೇಳು ಮತ್ತೆ. ದಿನಾ ಟಪಾಲಿನ ರಾಶಿಯಲ್ಲೇ ಬಿದ್ದಿರ್ತೀಯಲ್ಲ. ಅಂಚೆ ಮೊಹರು ಸುಳ್ಳು ಹೇಳುತ್ತಾ?"

ನಾನು ಹದಿನಾಲ್ಕು ವರ್ಷದಿಂದ ಅಂಚೆಯಲ್ಲಿ ಕಾಗದ ವಿಂಗಡಿಸುವವನು. ಮೊಹರು ಸುಳ್ಳು ಹೇಳುವುದಿಲ್ಲ ಎಂಬುದು ನನಗೇ ಚೆನ್ನಾಗಿ ಗೊತ್ತು.

ಮರುದಿನ ಕೆಲಸದ ಮೇಜಿನ ಮುಂದೆ ತಟ್ಟನೆ ಹೊಳೆಯಿತು: ಮೊಹರು ಬೀಳುವುದು ಲಕೋಟೆಯ ಮೇಲೆ. ಒಳಗಿನ ಚೀಟಿಗೆ ಅದು ಸಾಕ್ಷಿಯಲ್ಲ. ಆದರೆ ಬಾಯಲ್ಲಿ ಹೇಳಿದರೆ ಅಕ್ಕ ವಾದದಲ್ಲಿ ನನ್ನನ್ನು ಮುಗಿಸಿಬಿಡುತ್ತಾಳೆ. ಮಾಡಿಯೇ ತೋರಿಸಬೇಕು. ಆ ಸಂಜೆಯೇ, ಒಂಬತ್ತನೇ ತಾರೀಖು, ಒಂದು ಖಾಲಿ ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ನನ್ನದೇ ವಿಳಾಸ ಬರೆದು, ಬಾಯಿ ಅಂಟಿಸದೆ ಸುಮ್ಮನೆ ಒಳಗೆ ಸಿಕ್ಕಿಸಿ ಡಬ್ಬಕ್ಕೆ ಹಾಕಿದೆ. ಹದಿನಾರಕ್ಕೆ ಇನ್ನೊಂದು ಪಂದ್ಯವಿತ್ತು. ಅದು ಮುಗಿದೊಡನೆ ಫಲಿತಾಂಶ ಬರೆದು ಒಳಗಿಟ್ಟು, ಅಂಟಿಸಿ, ಪೆನ್ಸಿಲ್ ಅಳಿಸಿ, ಶಾಯಿಯಲ್ಲಿ ಅಕ್ಕನ ವಿಳಾಸ ಬರೆದರಾಯಿತು.

ಮೂರನೇ ದಿನ ಲಕೋಟೆ ಮನೆಗೆ ಬಂತು. ಮುಟ್ಟಿದರೆ ಕೊಳೆಯಾದೀತೆಂದು ತಿರುಗಿಸಿಯೂ ನೋಡದೆ ಹಾಗೆಯೇ ಒಂದು ಪುಸ್ತಕದೊಳಗೆ ಇಟ್ಟುಬಿಟ್ಟೆ.

ಹದಿನಾರರ ಮಧ್ಯಾಹ್ನ ಪಂದ್ಯ ಮುಗಿಯಿತು. ಚೀಟಿ ಬರೆದು ಲಕೋಟೆ ತಿರುಗಿಸಿದರೆ ಬಾಯಿ ಬಿಗಿಯಾಗಿ ಅಂಟಿತ್ತು. ಮೇಲೊಂದು ಅಂಚೆ ಕಚೇರಿಯ ಚೀಟಿ: "ತೆರೆದ ಸ್ಥಿತಿಯಲ್ಲಿ ಸಿಕ್ಕಿದ್ದು, ಅಂಟಿಸಲಾಗಿದೆ." ಕೆಳಗೆ ನನ್ನ ಪಕ್ಕದ ಮೇಜಿನವನ ಸಹಿ. ಅವನನ್ನು ನಾವೆಲ್ಲ ಗೋಂದಣ್ಣ ಎನ್ನುತ್ತೇವೆ. ತಪ್ಪು ಅವನದಲ್ಲ, ಅದು ನಮ್ಮ ನಿಯಮ. ನಾನೂ ದಿನಕ್ಕೆ ಹತ್ತಾದರೂ ಅಂಟಿಸುತ್ತೇನೆ. ಅದೊಂದನ್ನೇ ಮರೆತಿದ್ದೆ.

ಬೇರೆ ದಾರಿ ಕಾಣದೆ ಆ ಖಾಲಿ ಲಕೋಟೆ ಹಿಡಿದು ಅಕ್ಕನ ಮನೆಗೆ ಹೋದೆ. ಭಾವ ಬಾಗಿಲಲ್ಲೇ, "ಇವತ್ತೂ ಊಟ ಬಿಟ್ಟಿದಾಳೆ, ಏನಾದ್ರೂ ಹೇಳಪ್ಪ" ಅಂದರು. ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ: ಪೆನ್ಸಿಲ್ಲು, ಸಿಕ್ಕಿಸಿದ ಬಾಯಿ, ಗೋಂದಣ್ಣ.

ಅಕ್ಕ ಲಕೋಟೆಯನ್ನು ದೀಪಕ್ಕೆ ಹಿಡಿದು ನೋಡಿದಳು. ಆಮೇಲೆ ಪಕ್ಕೆ ಒತ್ತಿಕೊಂಡು ನಗತೊಡಗಿದಳು.

"ಅಯ್ಯೋ ನಗಿಸಬೇಡ ಕಣೋ, ನೋಯುತ್ತೆ! ನಿನ್ನ ಮೋಸಕ್ಕೆ ನಿನ್ನ ಆಫೀಸೇ ಬೀಗ ಹಾಕ್ತಲ್ಲೋ!"

ನಗು ನಿಂತ ಮೇಲೆ ಮುಖ ಗಂಭೀರವಾಯಿತು. "ಹಾಗಾದ್ರೆ ಅವನೂ ಹೀಗೇ ಮಾಡಿದ್ದಾ?"

ಹೌದು ಎಂದುಬಿಡಬಹುದಿತ್ತು. ಆದರೂ ಇದ್ದದ್ದನ್ನೇ ಹೇಳಿದೆ. "ಗೊತ್ತಿಲ್ಲ ಅಕ್ಕ. ಇನ್ನೂ ಹತ್ತು ದಾರಿ ಇರಬಹುದು. ಲಕೋಟೆ ಆ ನಿರೂಪಕಿ ಕೈಗೆ ಬರೋ ಮುಂಚೆ ಎಲ್ಲಿತ್ತು ಅಂತ ಟೀವಿಯಲ್ಲಿ ತೋರಿಸಲಿಲ್ಲ. ಅಷ್ಟು ಮಾತ್ರ ಗೊತ್ತು."

ಅವಳು ಲಕೋಟೆಯನ್ನು ಬೆರಳಲ್ಲಿ ತಿರುಗಿಸಿದಳು.

"ನಿನ್ನಂಥ ಪೆದ್ದನಿಗೇ ಇಷ್ಟು ಹೊಳೆದಿದೆ ಅಂದ್ರೆ, ಅದನ್ನೇ ಕಸುಬು ಮಾಡಿಕೊಂಡೋನಿಗೆ ಎಷ್ಟು ಹೊಳೆದಿರಬೇಡ," ಅಂದಳು. ಭಾವನ ಕಡೆ ತಿರುಗಿ, "ರೀ, ಬ್ಯಾಗಿಗೆ ಟವೆಲ್ ಹಾಕಿದ್ರಾ? ಬೆಳಿಗ್ಗೆ ಏಳಕ್ಕೆ ಅಲ್ಲಿರಬೇಕು."

ಹದಿನೇಳರ ಬೆಳಿಗ್ಗೆ ಆಪರೇಷನ್ ಕೋಣೆಯ ಹೊರಗಿನ ಬೆಂಚಿನಲ್ಲಿ ನಾನು ಹಾಳು ಯೋಚನೆಗಳನ್ನೆಲ್ಲ ಯೋಚಿಸಿ ಮುಗಿಸಿದೆ. ಅವನಿಗೆ ನಿಜವಾಗಿಯೂ ಗೊತ್ತಿದ್ದರೆ? ಅಕ್ಕನನ್ನು ಒಳಗೆ ಕಳಿಸಿದ್ದು ನಾನೇ ಅಲ್ಲವೇ? ಹನ್ನೊಂದೂವರೆಗೆ ಡಾಕ್ಟರು ಹೊರಬಂದು, ಎಲ್ಲಾ ಸರಿಯಾಯಿತು ಎಂದರು. ನಾನು ಮತ್ತೆ ಕೇಳಿದೆ. ಅವರು ಮತ್ತೆ ಹೇಳಿದರು. ಮೂರನೇ ಸಲ ಬಾಯಿ ತೆರೆದಾಗ ಭಾವ ನನ್ನ ಭುಜ ಹಿಡಿದು ಕೂರಿಸಿದರು.

"ಸಾಕು ಮಾರಾಯ, ಇನ್ನೊಂದು ಸಲ ಕೇಳಿದ್ರೆ ನಿನ್ನನ್ನೇ ಒಳಗೆ ಮಲಗಿಸ್ತಾರೆ."

ಹಾಗೆಂದವರು ತಾವೇ ಮುಖ ಆಚೆ ತಿರುಗಿಸಿ, ತೋಳಿನಿಂದ ಕಣ್ಣೊರೆಸಿಕೊಂಡರು.