ಹಗುರ ಚೆಂಡು

ಸಫ್ದರನ ಬಲಭುಜಕ್ಕೆ ಹತ್ತು ತಿಂಗಳಿಂದ ಸಾಸಿವೆ ಎಣ್ಣೆ ಉಜ್ಜುತ್ತಿದ್ದವಳು ನಾನು. ನನ್ನ ತಮ್ಮನ ಮಗ, ನಾನು ಅವನ ಫುಫಿ, ಸೋದರತ್ತೆ. ತಾಯಿ ಇಲ್ಲದ ಕೂಸನ್ನು ನಾನೇ ಸಾಕಿದ್ದು.

ಚನಾಬಿನ ಕಾಲುವೆ ಪಕ್ಕದ ನಮ್ಮ ಊರಿನಲ್ಲಿ ಎಲ್ಲರೂ ಟೆನಿಸ್ ಚೆಂಡಿಗೆ ಕರೆಂಟಿನವರ ಟೇಪು ಬಿಗಿಯಾಗಿ ಸುತ್ತಿ ಆಡುತ್ತಾರೆ. ಸಫ್ದರನೂ ಅದರಲ್ಲೇ ವೇಗ ಕಲಿತ. ಇಪ್ಪತ್ತೆರಡಕ್ಕೆ ದೇಶದ ಹಸಿರು ಟೋಪಿ ತೊಟ್ಟ. ಮೊದಲ ಟೆಸ್ಟಿನಲ್ಲೇ ಐದು ವಿಕೆಟ್. ಅವನ ಚೆಂಡು ಪರದೇಶದವನೊಬ್ಬನ ಹೆಲ್ಮೆಟ್ಟಿಗೆ ಬಡಿದಾಗ ಹೊರಗೆ ಬೀದಿಯಲ್ಲಿ ಡೋಲು ಬಾರಿಸಿದರು, ನಾನು ಟಿ.ವಿ. ಮುಂದೆ ಕಣ್ಣು ಮುಚ್ಚಿಕೊಂಡು ಆ ತಾಯಿಯ ಮಗನಿಗೆ ಏನೂ ಆಗದಿರಲಿ ಅಂದುಕೊಂಡೆ. ಹೀಗೆ ಹತ್ತೊಂಬತ್ತು ಟೆಸ್ಟ್ ಆಡಿದ. ಆಮೇಲೆ ಭುಜದೊಳಗೆ ಏನೋ ಹರಿಯಿತು. ಕೊಯ್ದು ಹೊಲಿದರು.

ಈದ್ ಹಬ್ಬದಿಂದ ಎಂಟನೆಯ ದಿನ ಲಾಹೋರಿನಲ್ಲಿ ಅವನ ಪರೀಕ್ಷೆ ಇತ್ತು. ಚೆಂಡೆಸೆದು ತೋರಿಸಿದರೆ ತಂಡಕ್ಕೆ ವಾಪಸು. ಇಲ್ಲವಾದರೆ, ಇಪ್ಪತ್ತೊಂಬತ್ತು ವಯಸ್ಸಿನ, ಭುಜಕ್ಕೆ ಹೊಲಿಗೆ ಬಿದ್ದ ಬೌಲರನನ್ನು ಇನ್ನೊಮ್ಮೆ ಯಾರು ಕರೆಯುತ್ತಾರೆ?

ಹಬ್ಬದ ಮೂರನೆಯ ದಿನ ಕಾಲುವೆ ಆಚೆಯ ಮೊಹಲ್ಲಾದವರ ಜೊತೆ ನಮ್ಮವರ ಪಂದ್ಯ. ಸೋತವರು ಕೊಪ್ಪರಿಗೆ ತುಂಬ ಅನ್ನ ಬೇಯಿಸಿ ಗೆದ್ದವರಿಗೆ ಕೈಯಾರೆ ಬಡಿಸಬೇಕು. ಎರಡು ವರ್ಷದಿಂದ ನಾವೇ ಬಡಿಸುತ್ತಿದ್ದೆವು. ಆ ಬೆಳಿಗ್ಗೆ ಅಲ್ಲಾದಿತ್ತ ನಮ್ಮ ಅಂಗಳಕ್ಕೆ ಬಂದ. ಬಾಲ್ಯದಲ್ಲಿ ಸಫ್ದರನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಪಟ್ಟಣದ ಮೈದಾನಕ್ಕೆ ಕರೆದೊಯ್ಯುತ್ತಿದ್ದವನು ಅವನೇ.

"ಏನೋ ನವಾಬ, ಊರಿನ ಮಾನ ಹೋಗ್ತಾ ಇದ್ರೆ ಮಂಚದ ಮೇಲೆ ಕೂತು ಶಾವಿಗೆ ಹೊಡೀತಿದ್ದೀಯಾ?"

"ಡಾಕ್ಟ್ರು ಬೇಡ ಅಂದಿದಾರೆ, ಚಾಚಾ. ಇನ್ನು ಐದೇ ದಿನ."

"ಆ ಡಾಕ್ಟ್ರು ಬಂದು ಅನ್ನ ಬಡಿಸ್ತಾನಾ? ಹೋದ ವರ್ಷ ಮೂರು ಸಲ ಹಾಕಿಸ್ಕೊಂಡು ತಿಂದು, ಕೊನೇಗೆ ಉಪ್ಪು ಕಮ್ಮಿ ಅಂದ್ರು, ಹಾಳಾದೋರು!"

ಸಫ್ದರ ನಕ್ಕ. ನಾನೂ ನಕ್ಕೆ. ಅಲ್ಲಾದಿತ್ತನೂ ನಗುನಗುತ್ತಲೇ ತಲೆಯ ಪಗಡಿ ತೆಗೆದು ಸಫ್ದರನ ಕಾಲ ಬಳಿ ಇಟ್ಟುಬಿಟ್ಟ.

ನಗು ಅಲ್ಲಿಗೇ ನಿಂತಿತು. ನಮ್ಮ ಕಡೆ ಹಿರಿಯನ ಪಗಡಿ ಕೆಳಗಿಳಿದ ಮೇಲೆ ಅದು ತಮಾಷೆಯಾಗಿ ಉಳಿಯುವುದಿಲ್ಲ, ಅವನು ಕೇಳಿದ್ದಕ್ಕೆ ಇಲ್ಲ ಎನ್ನುವಂತಿಲ್ಲ. ಪಕ್ಕದ ಮನೆಯವರು ಗೋಡೆಯ ಮೇಲಿಂದ ನೋಡುತ್ತಿದ್ದರು. ಸಫ್ದರ ನನ್ನ ಮುಖ ನೋಡಿದ. ಅಲ್ಲಾದಿತ್ತನಿಗಿಂತ ನಾನು ದೊಡ್ಡವಳು. "ಎತ್ಕೊಳ್ಳೋ, ಹುಡುಗನಿಗೆ ಹುಷಾರಿಲ್ಲ" ಎಂದು ನಾನು ಒಂದು ಮಾತು ಗದರಿಸಿದ್ದರೆ ಯಾರ ಮಾನವೂ ಹೋಗುತ್ತಿರಲಿಲ್ಲ. ಆ ಮಾತಿಗಾಗಿಯೇ ಅವನು ನನ್ನತ್ತ ನೋಡಿದ್ದು.

ನಾನು ಹೇಳಿದ್ದು ಬೇರೆ. "ಹತ್ತಿಯಷ್ಟು ಹಗುರ ಇರೋ ಚೆಂಡು, ಮಗಾ. ಆರು ಎಸೆದು ಬಾ. ಅದರಿಂದ ಏನಾಗುತ್ತೆ?"

"ಹಗುರ ಅಂತಲೇ ಭಯ, ಫುಫಿ," ಎಂದ. ಪಗಡಿ ಎತ್ತಿ, ಧೂಳು ಕೊಡವಿ, ಚಾಚಾನ ತಲೆಯ ಮೇಲಿಟ್ಟ.

ನಾವು ಹೆಂಗಸರು ಮಹಡಿಯ ಮೇಲಿಂದ ನೋಡಿದೆವು. ಕೊನೆಯ ಓವರಿಗೆ ಅವನ ಕೈಗೆ ಚೆಂಡು ಕೊಟ್ಟರು. ಆಚೆಯವರಿಗೆ ಬೇಕಿದ್ದದ್ದು ಏಳು ರನ್, ಉಳಿದಿದ್ದದ್ದು ಒಂದು ವಿಕೆಟ್. ಮೊದಲೆರಡು ಚೆಂಡು ಮೆಲ್ಲಗೆ ಎಸೆದ. ನಾಲ್ಕು ರನ್ ಹೋಯಿತು.

"ಏ ಟೆಸ್ಟ್ ಬೌಲರೇ, ನಮ್ಮಜ್ಜೀನೂ ಕರ್ಕೊಂಡ್ ಬರ್ಲಾ ಬ್ಯಾಟಿಗೆ?" ಎಂದು ಕಾಲುವೆ ಕಡೆಯಿಂದ ಯಾರೋ ಕೂಗಿದರು.

ಸಫ್ದರ ಹಿಂದೆ ಹಿಂದೆ ನಡೆದು, ಬೇಲಿಯ ಹತ್ತಿರದಿಂದ ಓಡಿ ಬಂದ. ಕೈ ತಿರುಗಿದ್ದು ಕಂಡಿತು, ಚೆಂಡು ಕಾಣಲಿಲ್ಲ. ನಡುವಿನ ಕಡ್ಡಿ ಕಿತ್ತು ಹಾರಿತು. ಡೋಲು ಶುರುವಾಯಿತು. ಅವನನ್ನು ಹೆಗಲ ಮೇಲೆ ಹೊತ್ತರು. ಎಲ್ಲರ ಕೈಯೂ ಮೇಲಿತ್ತು. ಅವನು ಮಾತ್ರ ಎಡಗೈಯಲ್ಲಿ ಬಲ ಮೊಣಕೈ ಹಿಡಿದುಕೊಂಡಿದ್ದ.

ಸಂಜೆ ಎಣ್ಣೆ ಹಚ್ಚುವಾಗ ಭುಜ ಕೆಂಡದಂತೆ ಸುಡುತ್ತಿತ್ತು.

"ಚರ್ಮದ ಚೆಂಡಿಗೆ ತೂಕ ಇರುತ್ತೆ, ಫುಫಿ. ಅದು ಕೈಯನ್ನ ಹಿಡಿದುಕೊಳ್ಳುತ್ತೆ. ಇದು ಖಾಲಿ. ಎಷ್ಟು ಬಲ ಹಾಕಿದ್ರೂ ಕೈಗೆ ಏನೂ ಸಿಗಲ್ಲ, ಭುಜವೇ ಕಿತ್ಕೊಂಡು ಮುಂದೆ ಓಡುತ್ತೆ."

"ಅಲ್ಲೇ ಹೇಳ್ಬಾರ್ದಿತ್ತೇನೋ?"

"ಪಗಡಿ ನೆಲದ ಮೇಲಿತ್ತಲ್ಲ."

ಎಂಟನೆಯ ದಿನ ಲಾಹೋರಿಗೆ ಹೋದವನು ಮಧ್ಯಾಹ್ನದ ಬಸ್ಸಿಗೇ ಹಿಂತಿರುಗಿದ. ಮೂರನೆಯ ಚೆಂಡಿಗೆ ಭುಜ ಹಿಡಿದು ಕೂತುಬಿಟ್ಟನಂತೆ. ಅಲ್ಲಿಯವರು ಒಳ್ಳೆಯವರೇ, ಚಹಾ ಕುಡಿಸಿ ಕಳಿಸಿದರು.

ಈಗ ಟಿ.ವಿ.ಯಲ್ಲಿ ಅವನ ಜಾಗದಲ್ಲಿ ಬೇರೊಬ್ಬ ಓಡಿ ಬರುತ್ತಾನೆ. ಅಲ್ಲಾದಿತ್ತ ದಿನವೂ ಬಂದು ಬಾಗಿಲ ಬಳಿ ಕೂರುತ್ತಾನೆ, ಬರಿದಲೆಯಲ್ಲಿ. ಅಂದಿನಿಂದ ಪಗಡಿ ಸುತ್ತಿಲ್ಲ. ಸಫ್ದರ ನಮ್ಮಿಬ್ಬರನ್ನೂ ಬೈದಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಸಾಕು ಬಿಡು ಫುಫಿ, ಇನ್ಯಾತಕ್ಕೆ?" ಎನ್ನುತ್ತಾನೆ. ನಾನು ಎಣ್ಣೆ ಬಿಸಿಮಾಡಿ ತರುತ್ತೇನೆ. ಅಂಗಿ ತೆಗೆಯಲು ಅವನ ಕೈ ಮೇಲೇಳುವುದಿಲ್ಲ. ಚಿಕ್ಕವನಿದ್ದಾಗ ತೆಗೆಯುತ್ತಿದ್ದಂತೆ ನಾನೇ ತೆಗೆಯುತ್ತೇನೆ, ಮೊದಲು ಎಡತೋಳು, ಆಮೇಲೆ ನಿಧಾನವಾಗಿ ಬಲತೋಳು.