ಮೇಷ್ಟ್ರ ಹೆಸರು ಹೇಳದ ಹುಡುಗಿ

ಜಾವಗಲ್ಲಿನ ಷಡಕ್ಷರಪ್ಪ ಮೇಷ್ಟ್ರು ಮೂವತ್ತು ವರ್ಷ ಹಾರ್ಮೋನಿಯಂ ಕಲಿಸಿದ್ದರೂ ಊರಿಗೆ ಅವರ ನೆನಪಾಗುತ್ತಿದ್ದುದು ಯಾರಾದರೂ ಸತ್ತಾಗ ಮಾತ್ರ. ಹೆಣದ ಮುಂದೆ ಕೂರಿಸಿ ಗಂಟಲು ಹರಿಯುವ ತನಕ ವಚನ ಹಾಡಿಸಿಕೊಂಡವರೇ ವಾರ ಕಳೆದ ಮೇಲೆ ಬೀದಿಯಲ್ಲಿ ಸಿಕ್ಕರೆ ಆಚೆ ಮುಖ ಮಾಡಿಕೊಂಡು ಹೋಗುತ್ತಿದ್ದರು. ಮೇಷ್ಟ್ರು ಇದನ್ನು ಯಾರೊಂದಿಗೂ ಆಡಿದವರಲ್ಲ. ಆದರೆ ಒಂದು ದಿನವೂ ಮರೆತವರಲ್ಲ.

ಅಂಥವರ ಹತ್ತಿರ ಹುಲಿಕೆರೆಯ ಜವರಣ್ಣನ ಮಗಳು ಭವ್ಯಾ ಎಂಟು ವರ್ಷ ಬಸ್ಸು ಹತ್ತಿ ಬಂದು ಹಾಡು ಕಲಿತಳು. ಎರಡು ಸಾವಿರದ ಏಳರಲ್ಲಿ ಟೀವಿಯ ಹಾಡಿನ ಸ್ಪರ್ಧೆಯೊಂದರಲ್ಲಿ ಕೊನೆಯ ಐವರಲ್ಲಿ ಒಬ್ಬಳಾದಳು. ಅಲ್ಲಿಂದಾಚೆಗೆ ಉಳಿಸುವುದೂ ಕಳಿಸುವುದೂ ಜನರ ಎಸ್ಸೆಮ್ಮೆಸ್ಸು. ಕೊಬ್ಬರಿ ಮಂಡಿಯ ಗಂಗಾಧರಪ್ಪ ತನ್ನ ಮೊಬೈಲಿನಲ್ಲಿದ್ದ ನಂಬರುಗಳಿಗೆಲ್ಲ, ಅರಸೀಕೆರೆಯಿಂದ ಬೇಲೂರಿನವರೆಗೆ, ನಮ್ಮ ಸೀಮೆ ಹುಡುಗಿ ಎಂದು ಮೆಸೇಜು ಹೊಡೆದು ಓಟು ಹಾಕಿಸಿದ. ಅವಳ ಹಾಡು ಕೇಳಿದವರು ಎಷ್ಟೋ, ಬಟನ್ ಒತ್ತಿದವರು ಮಾತ್ರ ಸಾವಿರಾರು. ಗುರುಗಳಿಗೆ ಫೋನಿಲ್ಲದಿದ್ದರೆ ಹೇಗೆ ಎಂದು ತನ್ನ ಹಳೇ ಮೊಬೈಲನ್ನು ಮೇಷ್ಟ್ರಿಗೇ ಕೊಟ್ಟ. ಬಂದ ಕರೆಯನ್ನು ಎತ್ತುವುದೊಂದು ಬಿಟ್ಟರೆ ಮೇಷ್ಟ್ರಿಗೆ ಅದರಲ್ಲಿ ಬೇರೇನೂ ಬರುತ್ತಿರಲಿಲ್ಲ.

ಆ ಭಾನುವಾರ ಟೀವಿಯಲ್ಲಿ ತೀರ್ಪುಗಾರರು, ಇಷ್ಟು ಚೆನ್ನಾಗಿ ಹಾಡುವುದನ್ನು ಯಾರು ಕಲಿಸಿದರಮ್ಮ ಎಂದು ಭವ್ಯಾಳನ್ನು ಕೇಳಿದರು. ಇಲ್ಲಿಗೆ ಬಂದ ಮೇಲೆ ತುಂಬಾ ಕಲಿತೆ ಸಾರ್ ಎಂದು ಅವಳು ನಕ್ಕಳು. ಅಷ್ಟೇ, ಸೋಪಿನ ಜಾಹೀರಾತು ಬಂತು. ಮಂಡಿಯಲ್ಲಿ ಕೂತು ನೋಡುತ್ತಿದ್ದವರೆಲ್ಲ ಮೇಷ್ಟ್ರ ಕಡೆ ತಿರುಗಿದರು. ಮೇಷ್ಟ್ರು ತಲೆ ತಗ್ಗಿಸಿದರು.

ಸೋಮವಾರ ಬೆಳಗ್ಗೆ ಗಂಗಾಧರಪ್ಪನ ಫೋನಿನಿಂದ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಹೊಸ ಮೆಸೇಜು ಹೊರಟಿತು: ಗುರುವನ್ನು ಮರೆತವಳಿಗೆ ಓಟಿಲ್ಲ, ಹತ್ತು ಜನಕ್ಕೆ ಕಳಿಸಿ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ಇಷ್ಟು ಸಾಕಲ್ಲ. ಮಧ್ಯಾಹ್ನದ ಹೊತ್ತಿಗೆ ಹಳೇಬೀಡಿನ ಬಸ್‌ಸ್ಟ್ಯಾಂಡಿನಲ್ಲಿ ಅವಳು ಕೃತಘ್ನೆ, ಸಂಜೆಗೆ ಸೊಕ್ಕಿನವಳು.

ಮಂಗಳವಾರ ಬೆಂಗಳೂರಿನಿಂದ ಭವ್ಯಾ ಫೋನು ಮಾಡಿದಳು.

"ಮೇಷ್ಟ್ರೇ, ನಾನು ನಿಮ್ಮ ಹೆಸರೇ ಮೊದ್ಲು ಹೇಳಿದ್ದು. ಟೀವಿಯೋರು ಅದನ್ನ ಕಟ್ ಮಾಡ್ಬಿಟ್ಟಿದಾರೆ. ನಾಳೆ ಸಂಜೆಗಂಟ ಓಟೈತೆ. ಗಂಗಾಧರಪ್ಪೋರಿಗೆ ಒಂದು ಮಾತು ಹೇಳಿ ಮೇಷ್ಟ್ರೇ."

"ಆಗ್ಲಿ ಕಣವ್ವ, ಹೇಳ್ತೀನಿ" ಎಂದರು. ಹೇಳಬೇಕೆಂದೇ ಅಂಗಿ ಹಾಕಿಕೊಂಡು ಮಂಡಿಗೆ ಹೊರಟರು.

ಮಂಡಿಯಲ್ಲಿ ಅವರನ್ನು ಕಂಡದ್ದೇ ಗಂಗಾಧರಪ್ಪ ಎದ್ದು ನಿಂತ. ತಾನು ಕೂತಿದ್ದ ಕುರ್ಚಿಯನ್ನು ಟವೆಲ್ಲಿನಲ್ಲಿ ಒರೆಸಿ ಕೂರಿಸಿದ. ಕಾಫಿ ಬಂತು. ಇವರು ಬರುವುದು ಕಂಡರೆ ಅಡ್ಡಬೀದಿ ಹಿಡಿಯುತ್ತಿದ್ದ ವ್ಯಾಪಾರಿಗಳು ಇವತ್ತು ಸುತ್ತ ಕೈಕಟ್ಟಿ ನಿಂತು, ನಿಮ್ಮಂಥ ಗುರುವನ್ನು ಮರೆತವಳು ಉದ್ಧಾರವಾದಾಳೇ ಎಂದರು. ಮೇಷ್ಟ್ರ ಕಣ್ಣು ಒದ್ದೆಯಾಯಿತು. ಮಾತು ನಾಲಗೆಯ ತುದಿಗೇ ಬಂದಿತ್ತು. ಆಡಿದರೆ ಈ ಕೈಗಳೆಲ್ಲ ಬಿಚ್ಚಿಕೊಂಡು ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತವೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕಾಫಿ ಮುಗಿಯಲಿ ಎಂದುಕೊಂಡರು. ಕಾಫಿ ಮುಗಿಯಿತು. ನಾಳೆ ಇದೆಯಲ್ಲ ಎಂದುಕೊಂಡರು.

ಮನೆಯಲ್ಲಿ ಹೆಂಡತಿ ಕಾಂತಮ್ಮ, ಹೇಳಿದಿರಾ ಎಂದು ಕೇಳಿದ್ದಕ್ಕೆ ರೇಗಿದರು. ಬುಧವಾರ ಮಂಡಿಯಿಂದ ಕರೆಯೇ ಬಂತು. ಹೋಗಿ ಅದೇ ಕುರ್ಚಿಯಲ್ಲಿ ಕೂತರು. ಸಂಜೆಯ ತನಕ ಕೂತರು. ಆ ವಾರ ಭವ್ಯಾ ಸ್ಪರ್ಧೆಯಿಂದ ಹೊರಬಿದ್ದಳು.

ಊರಿಗೆ ವಾಪಸಾದ ಮಾರನೆಯ ದಿನವೇ ಅವಳು ಅಪ್ಪನ ಜೊತೆ ಮೇಷ್ಟ್ರ ಮನೆಗೆ ಬಂದಳು. ಸುದ್ದಿ ತಿಳಿದು ಗಂಗಾಧರಪ್ಪನೂ ನಾಲ್ಕು ಜನರೂ ಬಾಗಿಲಿಗೆ ಬಂದರು. ಜವರಣ್ಣ ಒಳ್ಳೆಯ ಮನುಷ್ಯ. ಮೇಷ್ಟ್ರ ಮುಖ ಬಿಳಿಚಿದ್ದು ಕಂಡು ತಾನೇ ಒಂದು ದಾರಿ ಮಾಡಿಕೊಟ್ಟ.

"ಮಗಳು ಫೋನಲ್ಲಿ ಹೇಳಿದ್ದು ನಿಮಗೆ ಕೇಳಿಸಿಲ್ಲ ಅಂತ ಕಾಣ್ತದೆ ಮೇಷ್ಟ್ರೇ. ಸಿಗ್ನಲ್ ಸರಿಯಾಗಿ ಇರ್ಲಿಲ್ವೇನೋ."

ಭವ್ಯಾ ಮೇಷ್ಟ್ರನ್ನೇ ನೋಡಿದಳು. ಆಗಲಿ ಎಂದದ್ದನ್ನು ಅವಳು ಕಿವಿಯಾರೆ ಕೇಳಿದ್ದಳು.

"ಹೌದು ಕಣಪ್ಪ" ಎಂದರು ಮೇಷ್ಟ್ರು. "ಏನೂ ಕೇಳಿಸ್ಲಿಲ್ಲ."

ಅವಳು ಬಗ್ಗಿ ಕಾಲು ಮುಟ್ಟಿದಳು. ಮೇಷ್ಟ್ರ ಕೈ ರೂಢಿಯಂತೆ ಅವಳ ತಲೆಯ ಮೇಲೆ ಹೋಯಿತು. ಬಾಗಿಲಲ್ಲಿದ್ದ ಗಂಗಾಧರಪ್ಪ ಹೊಸ ಕ್ಯಾಮೆರಾ ಫೋನು ಎತ್ತಿ ಫೋಟೋ ಹೊಡೆದ.

ಅಪ್ಪ ಮಗಳು ಹುಲಿಕೆರೆ ಮುಟ್ಟುವ ಮೊದಲೇ ಆ ಫೋಟೋ ಫೋನಿನಿಂದ ಫೋನಿಗೆ ಹಾರುತ್ತಿತ್ತು: ತಪ್ಪೊಪ್ಪಿಕೊಂಡ ಶಿಷ್ಯೆ, ಕ್ಷಮಿಸಿದ ಗುರು. ಸಂಜೆ ಗಂಗಾಧರಪ್ಪ ಅದನ್ನು ಮೇಷ್ಟ್ರಿಗೂ ತಂದು ತೋರಿಸಿದ. ಕಾಂತಮ್ಮ ಬಾಗಿಲ ಸಂದಿಯಲ್ಲಿ ನಿಂತಿದ್ದರು. ಈಗಲಾದರೂ ಗಂಡ ಬಾಯಿ ಬಿಟ್ಟಾರು ಎಂದು ಕಾದರು. ಮೇಷ್ಟ್ರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. ಹುಡುಗಿಯ ಮುಖ ಕಾಣುತ್ತಿರಲಿಲ್ಲ, ಬೆನ್ನು ಮಾತ್ರ. ಅವರ ಮುಖ ಸೊಗಸಾಗಿ ಬಂದಿತ್ತು.

"ಇದನ್ನ ಒಂದು ಪ್ರಿಂಟ್ ಹಾಕಿಸಿಕೊಡೋಕೆ ಆಗ್ತದಾ?" ಎಂದು ಕೇಳಿದರು.