ಗೂಡಿನ ಮೇಲಿದ್ದ ಮೀನು

ಡಬ್, ಮತ್ತೆ ಡಬ್ — ದೋಣಿಯ ನೀರುಪೆಟ್ಟಿಗೆಯೊಳಗೆ ಮೀನು ಬಾಲ ಬಡಿಯುತ್ತಿದೆ, ಅದಕ್ಕಿನ್ನೂ ಜೀವವಿದೆ, ಇಲ್ಲಿ ದೋಣಿಕಟ್ಟೆಯ ಹಲಗೆಗಳ ಮೇಲೆ ಮಂಡಿಯೂರಿ ಹೋಯ್ಟ್‌ನ ಎದೆ ಒತ್ತುತ್ತಿದ್ದ ಆಂಬುಲೆನ್ಸಿನ ಹೆಂಗಸು ಈಗ ಒತ್ತುತ್ತಿಲ್ಲ, ಕೈಗವಸು ಕಳಚುತ್ತಿದ್ದಾಳೆ, ಒಂದೊಂದೇ ಬೆರಳು, ಯಾಕೆ ಕಳಚುತ್ತಾಳೆ, ಇನ್ನಷ್ಟು ಒತ್ತಬಹುದಲ್ಲ, ಕರ್ತನೇ, ಬೆಳಿಗ್ಗೆ ಇದೇ ಹಲಗೆಯ ಮೇಲೆ ನಿಂತು ಬೇಯಿಸಿದ ಶೇಂಗಾದ ಪೊಟ್ಟಣ ನನ್ನ ಕೈಗಿಟ್ಟವನು, ಲೇ ಅರ್ಲಿಸ್, ಪ್ರಾರ್ಥನೇಲಿ ಐದು ನಿಮಿಷ ತೂಕಡಿಸದೆ ಕೂರಲ್ಲ, ಮೀನು ಕಂಡ್ರೆ ರೆಪ್ಪೆ ಬಡಿಯಲ್ಲ, ಚರ್ಚಿಗೆ ಎಂಥಾ ಡೀಕನ್ನಯ್ಯಾ ನೀನು ಎಂದು ನಕ್ಕವನು, ಸಿಪ್ಪೆ ಇನ್ನೂ ಅವನ ಅಂಗಿಯ ಮೇಲಿದೆ, ಒಂದೇ ಒಂದು, ಯಾರಾದರೂ ಅದನ್ನು ತೆಗೆಯಬಾರದೇ.

ಏಪ್ರಿಲ್‌ನಲ್ಲಿ ಕೂಸಾ ನದಿಯ ಹಿನ್ನೀರು ತಿಳಿಯಾಗಿರುತ್ತದೆ, ಡಾಗ್‌ವುಡ್ ಮರ ಬಿಳಿಯಾಗಿ ಅರಳಿದಾಗ ಬ್ಯಾಸ್ ಮೀನು ದಡಕ್ಕೆ ಬರುತ್ತದೆ, ಗಂಡು ಬಾಲದಿಂದ ಗುಡಿಸಿ ತಟ್ಟೆಯಷ್ಟು ಗುಂಡಿ ಮಾಡುತ್ತದೆ, ಅದೇ ಗೂಡು, ಹೆಣ್ಣು ಮೊಟ್ಟೆಯಿಟ್ಟು ಆಳಕ್ಕಿಳಿದ ಮೇಲೂ ಅದು ಉಪವಾಸ ನಿಂತು ಕಾಯುತ್ತದೆ, ಇದನ್ನೆಲ್ಲ ಕಲಿಸಿದವನು ಹೋಯ್ಟ್, ನಮಗೆ ಇಪ್ಪತ್ತು ವರ್ಷವಿದ್ದಾಗ, ಹಸಿವಿಗೆ ಕಚ್ಚೋದಲ್ಲ ಕಣೋ ಅದು, ಮನೆಗೆ ಬಂದಿದ್ದನ್ನ ಆಚೆ ಹಾಕೋಕೆ ಕಚ್ಚೋದು, ಗಾಳದ ಹುಳುವನ್ನ ಮೊಟ್ಟೆ ಮೇಲೇ ಬಿಡು, ಅದಕ್ಕೆ ಸಹಿಸೋಕಾಗದ ಹಾಗೆ ಮಾಡು — ಆಮೇಲೆ ಅವನ ನೇಮ, ದೋಣಿಯ ಮುಂದೆ ನಿಂತವನಿಗೆ ಗೂಡಿನ ಮೀನು ಕಂಡರೆ ಹಿಂದೆ ಕೂತವನು ತನ್ನ ಗಾಳದ ಕೋಲನ್ನು ಕೆಳಗಿಡಬೇಕು, ಕಾಲು ಸರಿಸಬಾರದು, ಉಸಿರೆತ್ತಬಾರದು, ಮುಂದಿನವನು ತಿರುಗಲೂಬಾರದು, ದೇವಾಲಯಕ್ಕಿಂತ ಹೆಚ್ಚಿನ ಮೌನ, ಐವತ್ತು ವರ್ಷ ಒಮ್ಮೆಯೂ ಮುರಿದಿಲ್ಲ ಅವನು.

ಇಂದು ಮುಂದೆ ನಾನು, ಎಂಥ ಮೀನು, ಬೆನ್ನು ಹಸಿರು, ಬಾಯಿ ಮುಷ್ಟಿ ಹೋಗುವಷ್ಟು, ರಬ್ಬರ್ ಹುಳುವನ್ನು ಬಿಡುತ್ತೇನೆ, ಅದು ತುಟಿಯಂಚಿನಲ್ಲಿ ಹಿಡಿದು ಗುಂಡಿಯಾಚೆ ಉಗುಳುತ್ತದೆ, ಮತ್ತೆ ಬಿಡುತ್ತೇನೆ, ಮತ್ತೆ ಉಗುಳುತ್ತದೆ, ಅರ್ಧ ಗಂಟೆ, ಕತ್ತಿನ ಮೇಲೆ ಬಿಸಿಲು, ಹಿಂದೆ ಏನೋ ತಟ್ಟೆಂದಿತು, ಅವನ ಕೋಲು ಜಾರಿತೆಂದು ಸಿಟ್ಟು ಬಂತು, ಮೀನು ಒಂದು ಗೇಣು ಸರಿದು ಮತ್ತೆ ಬಂತು, ಆಗ, ಅರ್ಲಿಸ್, ಎಂದ. ಅಷ್ಟೇ. ಆರಾಧನೆಯಲ್ಲಿ ಹಾಡಿನ ಪುಸ್ತಕ ಕೊಡು ಎಂದು ಪಕ್ಕದವನನ್ನು ಕೇಳುವಷ್ಟು ಮೆಲ್ಲಗೆ. ನಾನು ತಿರುಗಲಿಲ್ಲ, ಎಡಗೈ ಎತ್ತಿ ಬೆನ್ನ ಹಿಂದಕ್ಕೆ ಅಂಗೈ ತೋರಿಸಿದೆ, ಸುಮ್ಮನಿರು ಎಂದು, ಅವನು ಸುಮ್ಮನಾದ — ಎಷ್ಟು ವಿಧೇಯನಾಗಿ ಸುಮ್ಮನಾದ — ಹತ್ತು ನಿಮಿಷವೋ ಹದಿನೈದೋ, ಮೀನು ಕೊನೆಗೆ ಕಚ್ಚಿತು, ನಾನು ಕುಣಿದಾಡಿದೆ, ಕೈಬಲೆ ಕೊಡೋ, ನಿದ್ದೆ ಹೊಡೀತಿದ್ಯಾ ಮುದುಕಾ ಎಂದೆ, ಬಲೆ ಬರಲಿಲ್ಲ, ಹೆಬ್ಬೆರಳನ್ನು ಅದರ ಬಾಯಿಗಿಟ್ಟು ನಾನೇ ಎತ್ತಿಕೊಂಡು, ನೋಡೋ ಎಂದು ತಿರುಗಿದೆ. ಅವನು ಕೂತೇ ಇದ್ದ. ಒಂದು ಕೈ ನನ್ನ ಕಡೆಗೆ ಚಾಚಿತ್ತು.

ಹೆಂಗಸು ಬಿಳಿ ಬಟ್ಟೆ ಎಳೆಯುತ್ತಿದ್ದಾಳೆ, ಬೇಗ ಸಿಕ್ಕಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಇನ್ನೊಬ್ಬನಿಗೆ ಹೇಳುತ್ತಿದ್ದಾಳೆ, ನನಗೆ ಕೇಳಿಸದೆಂದು ತಿಳಿದಿದ್ದಾಳೆ, ಅಲ್ಲಿ ಆ ಗುಂಡಿಗೆ ಈಗ ಸಣ್ಣ ಮೀನುಗಳು ಮೊಟ್ಟೆ ತಿನ್ನಲು ನುಗ್ಗಿರುತ್ತವೆ, ಕಾಯುವವನಿಲ್ಲ — ಕಾರಿನ ಬಾಗಿಲು, ಹೋಯ್ಟ್‌ನ ಹೆಂಡತಿ ವರ್ಡಿ, ಮನೆಯ ಚಪ್ಪಲಿಯಲ್ಲೇ ಬಂದಿದ್ದಾಳೆ, ಅವಳ ಮದುವೆಯಲ್ಲಿ ಹೋಯ್ಟ್‌ನ ಪಕ್ಕ ನಿಂತವನು ನಾನು, ಅವಳು ಬಟ್ಟೆ ಸರಿಸಿ ನೋಡುತ್ತಾಳೆ, ಸಿಪ್ಪೆಯನ್ನು ತೆಗೆದು ಮುಷ್ಟಿಯಲ್ಲಿ ಹಿಡಿಯುತ್ತಾಳೆ, ಅಳುವುದಿಲ್ಲ, ನನ್ನ ಬಳಿ ಬರುತ್ತಾಳೆ. ಅವನಿಗೆ ನೋವಾಯ್ತಾ ಅರ್ಲಿಸ್, ಏನಾದ್ರೂ ಅಂದನಾ. ಇಲ್ಲ ಎಂದರೆ ಮುಗಿಯಿತು, ಒಂದೇ ಮಾತು, ಕರುಣೆಯ ಮಾತು, ಬೆನ್ನ ಹಿಂದಕ್ಕೆ ಎತ್ತಿದ ಅಂಗೈಯನ್ನು ಕಂಡವನು ಅವನೊಬ್ಬನೇ, ಅವನೊಬ್ಬನೇ ಮತ್ತು ನೀನು, ಕರ್ತನೇ — ನನ್ನ ಹೆಸರು ಕರೆದ ವರ್ಡಿ, ಎನ್ನುತ್ತಿದೆ ನನ್ನ ಬಾಯಿ. ಅವಳ ಮುಖ ಸ್ವಲ್ಪ ಸಡಿಲಾಗುತ್ತದೆ, ಒಬ್ಬನೇ ಹೋಗಲಿಲ್ಲವಲ್ಲ ಎಂಬಂತೆ, ನೀನೇನಂದೆ ಅವನಿಗೆ, ಎನ್ನುತ್ತಾಳೆ, ನಾನೇನಂದೆ, ನಾನು, ಎಡಗೈ ತಾನಾಗಿ ಏಳುತ್ತಿದೆ, ಅವಳೂ ನಾನೂ ಅದನ್ನೇ ನೋಡುತ್ತಿದ್ದೇವೆ, ಮೀನಿನ ಲೋಳೆ ಒಣಗಿದ ಅಂಗೈ, ಬೆರಳು ಬಿಡಿಸಿಕೊಂಡು, ಅವನಿಗೆ ತೋರಿಸಿದ ಹಾಗೇ, ಅಂಗೈ —